ಸೊಸೈಟಿಯ ಮನೆ: ಗೋಡೆ ಯಾರದು, ಲೆಕ್ಕ ಯಾರದು?

"ನನ್ನ ಮನೆ, ನನ್ನ ಹಣ. ನನ್ನ ಬಚ್ಚಲುಮನೆಯನ್ನು ನಾನು ಎಲ್ಲಿ ಕಟ್ಟಿಕೊಳ್ಳಬೇಕೆಂದು ಹೇಳಲು ಈ ಸಮಿತಿ ಯಾರು?"

ಮುಂಬಯಿಯ ಉಪನಗರದಲ್ಲಿರುವ ನಮ್ಮ ಸಹಕಾರಿ ಗೃಹನಿರ್ಮಾಣ ಸಂಘದ ಕಳೆದ ವಾರ್ಷಿಕ ಸಭೆಯಲ್ಲಿ ಸದಸ್ಯರೊಬ್ಬರು ಎದ್ದು ನಿಂತು ಈ ಪ್ರಶ್ನೆಯನ್ನು ಕೇಳಿದರು. ಅವರ ಮನೆಯ ನವೀಕರಣದ ಅರ್ಜಿಗೆ ಸಮಿತಿಯು ನಕ್ಷೆಯನ್ನು ಕೇಳಿತ್ತು. ಅಷ್ಟಕ್ಕೇ ಈ ಕೋಪ. ಸಭೆಯಲ್ಲಿದ್ದ ಅರ್ಧದಷ್ಟು ಜನ ಚಪ್ಪಾಳೆ ತಟ್ಟಿದರು. ತಟ್ಟಿದವರಲ್ಲಿ ನಿತ್ಯ ದರ್ಶನವಿಲ್ಲದೆ ಬಾಯಿಗೆ ನೀರು ಹಾಕದ ನಮ್ಮ ಸಹಧರ್ಮಿ ಬಂಧುಗಳೂ ಇದ್ದರೆಂಬುದನ್ನು ಸಂಕೋಚದಿಂದಲೇ ಬರೆಯುತ್ತಿದ್ದೇನೆ. ಅಂದು ನಾನು ಸುಮ್ಮನಿದ್ದೆ. ಸುಮ್ಮನಿದ್ದುದಕ್ಕೆ ಕಾರಣವಿತ್ತು, ಅದನ್ನು ಮುಂದೆ ಹೇಳುವೆನು. ಈ ಲೇಖನವು ಆ ಚಪ್ಪಾಳೆಗೆ ತಡವಾಗಿ ಕೊಡುತ್ತಿರುವ ಉತ್ತರವೆಂದು ಓದುಗರು ತಿಳಿಯಬಹುದು.

ಮೊದಲು 'ನನ್ನ ಮನೆ' ಎಂಬ ಮಾತನ್ನೇ ಪರೀಕ್ಷಿಸೋಣ. ನಮ್ಮಂತಹ ಸಂಘಗಳು ಮಹಾರಾಷ್ಟ್ರ ಸಹಕಾರಿ ಸಂಘಗಳ ಅಧಿನಿಯಮ, 1960ರ ಅಡಿಯಲ್ಲಿ ನೋಂದಣಿಯಾದವು. ನನ್ನ ಕಪಾಟಿನಲ್ಲಿರುವ ಷೇರು ಪತ್ರವು ತಲಾ 50 ರೂಪಾಯಿಯ 5 ಷೇರುಗಳದ್ದು. ಮುಖಬೆಲೆ ಒಟ್ಟು 250 ರೂಪಾಯಿ. ಅದರೊಡನೆ ಖರೀದಿಯ ಕರಾರು ಪತ್ರವೂ ಇದೆ, ನಿಜ. ಆದರೆ ಭೂಮಿಯೂ ಕಟ್ಟಡವೂ ಹಸ್ತಾಂತರವಾಗುವುದು ಸಂಘದ ಹೆಸರಿಗೆ. ಕಂಬ, ತೊಲೆ, ಸ್ಲ್ಯಾಬು, ಹೊರಗೋಡೆ, ಮೇಲಿನಿಂದ ಕೆಳಕ್ಕಿಳಿಯುವ ಮಲಜಲದ ಕೊಳವೆ ಇವು ಯಾರೊಬ್ಬರ ಸೊತ್ತೂ ಅಲ್ಲ. ನನ್ನ ಮನೆಯ ನೆಲವೆಂದು ನಾನು ಕರೆಯುವ ಸ್ಲ್ಯಾಬು ಕೆಳಗಿನವರ ಪಾಲಿಗೆ ಮನೆಯ ಮಾಳಿಗೆ. ಒಂದೇ ವಸ್ತುವಿಗೆ ಎರಡು ಹೆಸರು, ಎರಡು ಕುಟುಂಬ. ಸಂಘಗಳಿಗಾಗಿ ಸರಕಾರ ಹೊರಡಿಸಿರುವ ಮಾದರಿ ಬೈಲಾಗಳು ಸಮಿತಿಯ ಲಿಖಿತ ಪೂರ್ವಾನುಮತಿಯಿಲ್ಲದೆ ಸದಸ್ಯನು ತನ್ನ ಮನೆಯಲ್ಲಿ ಯಾವ ಸೇರ್ಪಡೆಯನ್ನೂ ಬದಲಾವಣೆಯನ್ನೂ ಮಾಡಕೂಡದೆಂದು ಹೇಳುವುದು ಈ ಕಾರಣಕ್ಕಾಗಿಯೇ ಹೊರತು ಕಾರ್ಯದರ್ಶಿಯ ಪ್ರತಿಷ್ಠೆಗಾಗಿ ಅಲ್ಲ.

ಇದು ಮುಂಬಯಿಯ ವಿಶೇಷವೆಂದು ಬೆಂಗಳೂರಿನ ಬಂಧುಗಳು ಭಾವಿಸಬಾರದು. ಅಲ್ಲಿ ಬಹುಪಾಲು ವಸತಿ ಸಮುಚ್ಚಯಗಳು ಸಹಕಾರಿ ಸಂಘಗಳಲ್ಲ, ಮಾಲೀಕರ ಸಂಘಗಳು; ಆದರೂ ಕರ್ನಾಟಕದ 1972ರ ಅಪಾರ್ಟ್‌ಮೆಂಟ್ ಒಡೆತನದ ಕಾಯಿದೆಯನ್ನು ರೂಪಿಸಿದವರು ಇದಕ್ಕಿಂತಲೂ ಕಠಿಣವಾದ ಮಾತನ್ನೇ ಬರೆದಿದ್ದರು. ಕಟ್ಟಡದ ಭದ್ರತೆಗೆ ಧಕ್ಕೆ ತರುವ ಯಾವ ಕೆಲಸಕ್ಕೂ ಉಳಿದ ಎಲ್ಲ ಒಡೆಯರ ಸರ್ವಾನುಮತದ ಒಪ್ಪಿಗೆ ಮೊದಲೇ ಬೇಕು ಎಂಬುದು ಅವರ ನಿಬಂಧನೆ. ಸಮಿತಿಯ ಐದಾರು ಜನರ ಸಹಿಯಲ್ಲ, ಎಲ್ಲರ ಒಪ್ಪಿಗೆ.

ಇನ್ನು 'ನನ್ನ ಹಣ' ಎಂಬುದರ ವಿಚಾರ. ನಾನು ವಾಣಿಜ್ಯ ಪದವೀಧರ. ನಲವತ್ತು ವರ್ಷ ಪಾತ್ರೆಯ ವ್ಯಾಪಾರ ಮಾಡಿದವನು. ಅಂಗಡಿಯಲ್ಲಿ ನಾವು ಮಾಲಿನ ಬೆಲೆಯನ್ನು ಮಾತ್ರ ಬರೆದು ಸಾಗಾಣಿಕೆ, ಹಮಾಲಿ, ಒಡಕು, ತೆರಿಗೆಗಳನ್ನು ಬಿಟ್ಟುಬಿಟ್ಟರೆ ವರ್ಷಾಂತ್ಯದಲ್ಲಿ ಏನಾಗುವುದೆಂಬುದನ್ನು ಯಾವ ವ್ಯಾಪಾರಿಗೂ ಹೇಳಿಕೊಡಬೇಕಾಗಿಲ್ಲ. ಆದರೆ ಅದೇ ವ್ಯಾಪಾರಿ ಮನೆಯ ನವೀಕರಣಕ್ಕೆ ಕೈಹಾಕಿದಾಗ ಮಾಡುವುದೇನು? ಮೊದಲು ಹೆಂಡತಿ ಮಕ್ಕಳೊಡನೆ ಅಮೃತಶಿಲೆಯ ಅಂಗಡಿಗೆ ಹೋಗುತ್ತಾನೆ. ಬಣ್ಣ ಆರಿಸುತ್ತಾನೆ, ಮುಂಗಡ ಕೊಡುತ್ತಾನೆ. ಬಳಿಕ ಗುತ್ತಿಗೆದಾರನನ್ನು ಹುಡುಕುತ್ತಾನೆ. ಒಡೆಯುವ ಕೂಲಿಗಳು ಬರುವ ಹಿಂದಿನ ದಿನ ಸೊಸೈಟಿಯ ಕಚೇರಿಗೆ ಹೋಗಿ ಎರಡು ಸಾಲಿನ ಅರ್ಜಿ ಬರೆದುಕೊಟ್ಟು ಬರುತ್ತಾನೆ. ಅನುಮತಿಯು ಕಟ್ಟಕಡೆಯ ವಿಧಿ, ಮದುವೆಯ ಊಟದಲ್ಲಿ ಎಲೆಯಡಿಕೆ ಇದ್ದಂತೆ. ಮುಂಗಡ ಕೊಟ್ಟಾಗಿರುವುದರಿಂದ ಸಮಿತಿಯ 'ಬೇಡ' ಎಂಬ ಮಾತು ಅವನಿಗೆ ಸಲಹೆಯಾಗಿ ಕೇಳಿಸುವುದಿಲ್ಲ, ನಷ್ಟವಾಗಿ ಕೇಳಿಸುತ್ತದೆ. ಅಲ್ಲಿಂದ ಮುಂದೆ ಸುಳ್ಳು ಆರಂಭವಾಗುತ್ತದೆ.

ಈ ಕ್ರಮವೇ ತಲೆಕೆಳಗು ಎಂಬುದು ನನ್ನ ವಾದ. ಒಪ್ಪಿಗೆಯು ಆಯವ್ಯಯಕ್ಕೆ ಹೊರಗಿನ ಅಡ್ಡಿಯಲ್ಲ. ಒಪ್ಪಿಗೆಯ ಪ್ರಶ್ನೆಗಳಿಗೆ ಉತ್ತರ ಸಿಗದೆ ಆಯವ್ಯಯವನ್ನು ಬರೆಯಲು ಬರುವುದೇ ಇಲ್ಲ. ಯಾವ ಗೋಡೆ ಒಡೆಯಬಹುದು, ನೀರಿನ ಕೋಣೆ ಎಲ್ಲಿರಬಹುದು, ಸ್ಲ್ಯಾಬು ಎಷ್ಟು ಭಾರ ಹೊರಬಲ್ಲದು ಎಂದು ತಿಳಿಯದೆ ಬರೆದ ಅಂದಾಜು ಅರ್ಧ ಖರ್ಚನ್ನು ನೆರೆಯವರ ಖಾತೆಗೆ ಬರೆದ ಲೆಕ್ಕ. ನಮ್ಮ ಅಂಗಡಿಯಲ್ಲಿ ಗುಮಾಸ್ತನು ಹಾಗೆ ಬರೆದರೆ ಅವನನ್ನು ನಾವು ಏನೆಂದು ಕರೆಯುತ್ತೇವೆ?

ಈಗ ನಾನು ಸುಮ್ಮನಿದ್ದ ಕಾರಣಕ್ಕೆ ಬರುವೆನು. 2011ರಲ್ಲಿ ನಾನೇ ಈ ತಪ್ಪು ಮಾಡಿದವನು.

ನಮ್ಮ ಮನೆ ಮೂರನೆಯ ಅಂತಸ್ತಿನಲ್ಲಿದೆ. ನನ್ನ ತಾಯಿಯವರಿಗೆ ಆಗ ಎಂಬತ್ತು ಸಮೀಪಿಸಿತ್ತು. ರಾತ್ರಿ ನಡುಮನೆ ದಾಟಿ ಬಚ್ಚಲಿಗೆ ಹೋಗುವುದು ಅವರಿಗೆ ಕಷ್ಟ. ಅವರ ಕೋಣೆಯ ಮೂಲೆಯಲ್ಲಿಯೇ ಒಂದು ಶೌಚಗೃಹ ಮಾಡಿಸಿಬಿಡೋಣವೆಂದೆನು. ಉದ್ದೇಶ ಒಳ್ಳೆಯದೇ. ಗುತ್ತಿಗೆದಾರನು ನೋಡಿ, "ಸೇಠಜೀ, ಇದನ್ನು ಅರ್ಜಿಯಲ್ಲಿ ಬರೆದರೆ ಇಂಜಿನಿಯರು ಬೇಕೆನ್ನುತ್ತಾರೆ, ಎರಡು ತಿಂಗಳು ಹೋಗುತ್ತದೆ. ಬಣ್ಣ ಮತ್ತು ಫರಸಿ ದುರಸ್ತಿ ಎಂದು ಬರೆಯಿರಿ" ಎಂದನು. ಬರೆದೆನು. ಅಂದಿನ ಕಾರ್ಯದರ್ಶಿಗಳಿಗೆ ಎಲ್ಲವೂ ಗೊತ್ತಿತ್ತು. ಚಹಾ ಕುಡಿದು ಅಂದೇ ಸಂಜೆ ಸಹಿ ಹಾಕಿದರು. ಇಂಜಿನಿಯರರ ಶುಲ್ಕ 15,000 ರೂಪಾಯಿ ಉಳಿಯಿತೆಂದು ನಾನು ಸಂತೋಷಪಟ್ಟೆನು.

ಕೆಲಸ ಆರಂಭವಾದ ಮೇಲೆ ನೀರಿನ ಸ್ವಭಾವ ತನ್ನನ್ನು ತಾನೇ ತೋರಿಸಿಕೊಂಡಿತು. ಮಲಜಲದ ಮುಖ್ಯ ಕೊಳವೆ ಹೊಸ ಶೌಚಗೃಹದಿಂದ ಹತ್ತು ಅಡಿ ದೂರ. ಅಡ್ಡ ಕೊಳವೆಗೆ ಸುಮಾರು 40ಕ್ಕೆ 1ರಂತೆ ಇಳಿಜಾರು ಕೊಟ್ಟರೂ ಹತ್ತು ಅಡಿಗೆ 3 ಅಂಗುಲ ಬೇಕು. ಕೊಳವೆಯ ವ್ಯಾಸವೇ 4 ಅಂಗುಲ. ಮೇಲೆ ಗಾರೆ, ಫರಸಿ. ಮೂಲತಃ ಬಚ್ಚಲಿಗೆಂದು ಕಟ್ಟಿದ ಜಾಗದಲ್ಲಿ ಸ್ಲ್ಯಾಬನ್ನು ತಗ್ಗಿಸಿರುತ್ತಾರೆ; ಮಲಗುವ ಕೋಣೆಯಲ್ಲಿ ಆ ತಗ್ಗು ಎಲ್ಲಿಂದ ಬರಬೇಕು? ಆದುದರಿಂದ ನೆಲವನ್ನೇ 8 ಅಂಗುಲ ಎತ್ತರಿಸಿದರು. 40 ಚದರಡಿಯ ಆ ಜಾಗಕ್ಕೆ ತುಂಬಿದ ಇಟ್ಟಿಗೆಯ ಚೂರು ಮತ್ತು ಗಾರೆಯ ತೂಕ ಒಂದು ಟನ್ನನ್ನು ಮೀರುತ್ತದೆ. ಇದನ್ನು ನಾನು ಲೆಕ್ಕ ಹಾಕಿದ್ದು ಆಮೇಲೆ. ಯಾವ ತಾಯಿಗಾಗಿ ಇದನ್ನೆಲ್ಲ ಮಾಡಿಸಿದೆನೋ ಆ ತಾಯಿ ಪ್ರತಿ ರಾತ್ರಿ 8 ಅಂಗುಲದ ಮೆಟ್ಟಿಲು ಹತ್ತಬೇಕಾಯಿತು. ಹತ್ತಲಾರದೆ, ಒಂದು ವಾರದೊಳಗೆ ಅವರು ಹಳೆಯ ಬಚ್ಚಲಿಗೇ ಹೋಗತೊಡಗಿದರು.

ಎರಡನೆಯ ಮಳೆಗಾಲ ಮುಗಿದು ಚಳಿ ಬಿದ್ದಾಗ ಕೆಳಗಿನ ಮನೆಯವರು ಮೇಲೆ ಬಂದರು. ಅವರು ನಿವೃತ್ತ ಮರಾಠಿ ಶಾಲಾ ಶಿಕ್ಷಕರು. ಮಳೆ ನಿಂತರೂ ಅವರ ಮಲಗುವ ಕೋಣೆಯ ಮಾಳಿಗೆಯಿಂದ ತೇವ ಇಳಿಯುತ್ತಲೇ ಇತ್ತು. ಗಿಲಾವು ಉದುರಿ ಪುಸ್ತಕದ ಕಪಾಟಿನ ಮೇಲೆ ಬಿದ್ದಿತ್ತು. ಅವರು ಕೂಗಾಡಿದ್ದರೆ ನನಗೆ ಸುಲಭವಾಗುತ್ತಿತ್ತು, ನಾನೂ ಕೂಗಾಡುತ್ತಿದ್ದೆ. ಅವರು ಕುರ್ಚಿಯ ತುದಿಯಲ್ಲಿ ಕುಳಿತು, "ಸೇಠಜೀ, ನೀವು ಸೊಸೈಟಿಗೆ ಕೊಟ್ಟ ಅರ್ಜಿಯ ಪ್ರತಿ ಇದ್ದರೆ ತೋರಿಸುವಿರಾ? ನನ್ನ ಕೋಣೆಯ ಮೇಲೆ ಏನಿದೆ ಎಂದು ತಿಳಿದುಕೊಳ್ಳಬೇಕಾಗಿದೆ" ಎಂದು ಮಾತ್ರ ಕೇಳಿದರು. ಪ್ರತಿ ನನ್ನ ಬಳಿ ಇತ್ತು. ಅದರಲ್ಲಿ 'ಬಣ್ಣ ಮತ್ತು ಫರಸಿ ದುರಸ್ತಿ' ಎಂದು ನನ್ನ ಕೈಬರಹದಲ್ಲಿಯೇ ಇತ್ತು. ಹುಡುಕಿ ಕೊಡುವೆನೆಂದು ಹೇಳಿ ಅವರನ್ನು ಕಳುಹಿಸಿದೆನು. ಮೊದಲಿನ ಸುಳ್ಳಿಗೆ ಅದು ಎರಡನೆಯದು.

ಆ ಕೆಲಸದ ಲೆಕ್ಕ ಹೀಗಾಯಿತು. ಗುತ್ತಿಗೆದಾರನ ಅಂದಾಜು 4,20,000 ರೂಪಾಯಿ. ನೆಲ ಎತ್ತರಿಸಿದ್ದಕ್ಕೆ 35,000, ಒಡೆದ ಕಸ ಸಾಗಿಸಲು 18,000, ವಿದ್ಯುತ್ ತಂತಿಗೆ 42,000, ಬಾಗಿಲಿಗೆ 12,000 ಹೆಚ್ಚುವರಿ. ಇಲ್ಲಿಗೆ 5,27,000. ಬಳಿಕ ಶೌಚಗೃಹವನ್ನು ಪೂರ್ತಿ ಒಡೆದು, ತುಂಬಿದ್ದನ್ನು ತೆಗೆದು, ಕೋಣೆಯನ್ನು ಮೊದಲಿನಂತೆ ಮಾಡಲು 96,000. ಕೆಳಗಿನವರ ಮಾಳಿಗೆ, ಬಣ್ಣ, ಕಪಾಟುಗಳಿಗೆ 64,000. ಒಟ್ಟು 6,87,000. ಉಳಿಸಿದ್ದು 15,000, ಅಂದಾಜಿನ ಮೇಲೆ ಕಳೆದುಕೊಂಡದ್ದು 2,67,000. ಹೆಚ್ಚುವರಿ ತೆತ್ತ ಹಣಕ್ಕೆ ಪ್ರತಿಯಾಗಿ ಮನೆಯಲ್ಲಿ ಉಳಿದದ್ದು ಏನೂ ಇಲ್ಲ. ಕೆಳಗಿನವರ ಖರ್ಚನ್ನು ನಾನಾಗಿಯೇ ಕೊಟ್ಟೆನೆಂದು ಹೇಳಿಕೊಳ್ಳುವ ಆಸೆ ಇದೆ. ಆದರೆ ಶೌಚಗೃಹ, ಸಿಂಕು ಮುಂತಾದವುಗಳಿಂದಾಗುವ ಒಳಸೋರಿಕೆಯ ಖರ್ಚು ಸದಸ್ಯನದೇ ಎಂದು ಬೈಲಾದಲ್ಲಿಯೇ ಇದೆ. ಮೇಲ್ಛಾವಣಿಯಿಂದಲೋ ಹೊರಗೋಡೆಯಿಂದಲೋ ಸೋರಿದರೆ ಮಾತ್ರ ಸಂಘದ್ದು. ಕೊಡದಿದ್ದರೆ ಕೊಡಿಸುತ್ತಿದ್ದರು.

ನೀರಿನ ಮಾತು ಇಷ್ಟು. ಭಾರದ ಮಾತು ಇದಕ್ಕಿಂತ ಗಂಭೀರವಾದುದು, ಏಕೆಂದರೆ ನೀರು ಎಚ್ಚರಿಸಿ ಇಳಿಯುತ್ತದೆ, ಭಾರ ಎಚ್ಚರಿಸುವುದಿಲ್ಲ.

ಈಗ ಹಳೆಯ ಫರಸಿಯನ್ನು ಕೀಳದೆ ಅದರ ಮೇಲೆಯೇ ಅಮೃತಶಿಲೆ ಹಾಸುವ ರೂಢಿ ಹಬ್ಬಿದೆ. ಒಡೆಯುವ ಖರ್ಚು ಉಳಿಯುತ್ತದೆ, ಕಸವಿಲ್ಲ, ಗದ್ದಲವಿಲ್ಲ, ಆದುದರಿಂದ ಅನುಮತಿಯೂ ಬೇಡವೆಂದು ಗುತ್ತಿಗೆದಾರರು ಹೇಳುತ್ತಾರೆ. ತೂಕದ ಲೆಕ್ಕವನ್ನು ನೋಡಿ. 2 ಅಂಗುಲ ಗಾರೆ ಚದರ ಮೀಟರಿಗೆ ಸುಮಾರು 100 ಕಿಲೋ. 18 ಮಿಲಿಮೀಟರಿನ ಅಮೃತಶಿಲೆ ಸುಮಾರು 50 ಕಿಲೋ. ಒಟ್ಟು 150 ಕಿಲೋ. ವಾಸದ ಕೋಣೆಯಲ್ಲಿ ಜನ, ಮಂಚ, ಕಪಾಟು ಎಲ್ಲವೂ ಸೇರಿ ಚದರ ಮೀಟರಿಗೆ 2 ಕಿಲೋನ್ಯೂಟನ್, ಅಂದರೆ ಸುಮಾರು 200 ಕಿಲೋ ಭಾರವಿರುವುದೆಂದು ಹಿಡಿದು ಸ್ಲ್ಯಾಬನ್ನು ರಚಿಸಬೇಕೆಂಬುದು ಐ.ಎಸ್. 875 ಎಂಬ ಭಾರತೀಯ ಮಾನಕದ ಮಾತು. ಅಂದರೆ ಯಾರೂ ಮನೆಯೊಳಗೆ ಕಾಲಿಡುವ ಮೊದಲೇ, ಒಂದು ಕುರ್ಚಿಯನ್ನೂ ಇಡುವ ಮೊದಲೇ, ಮುಕ್ಕಾಲು ಪಾಲಿನಷ್ಟು ಭಾರವನ್ನು ಹೊಸದಾಗಿ ಹೇರಿದಂತಾಯಿತು. 600 ಚದರಡಿಯ ಮನೆಗೆ ಇದು 8 ಟನ್ನಿಗೂ ಹೆಚ್ಚು. ಒಂದು ಮನೆಯವರು ಹಾಸಿದರೆಂದು ಮೇಲಿನವರೂ ಕೆಳಗಿನವರೂ ಹಾಸಿದರೆ ಆ ಕಂಬಗಳ ಬುಡಕ್ಕೆ ಬರುವ ಮೊತ್ತವನ್ನು ಓದುಗರೇ ಗುಣಿಸಿಕೊಳ್ಳಲಿ. ತಕ್ಕಡಿ ಹಿಡಿದು ಬದುಕಿದ ಸಮಾಜ ನಮ್ಮದು; ಒಂದು ತೊಲ ಬಂಗಾರದಲ್ಲಿ ಗುಂಜಿ ಹೆಚ್ಚುಕಡಿಮೆಯಾದರೆ ಕಣ್ಣಿಗೆ ಕಾಣುವ ನಮಗೆ 8 ಟನ್ ಕಾಣುವುದಿಲ್ಲವೆಂದರೆ ನಂಬುವುದು ಹೇಗೆ?

ಇದು ಬರಿಯ ಹೆದರಿಕೆಯ ಮಾತಲ್ಲ. 2017ರ ಜುಲೈ 25ರಂದು ಮುಂಬಯಿಯ ಘಾಟ್‌ಕೋಪರದ ಸಿದ್ಧಿ ಸಾಯಿ ಎಂಬ ನಾಲ್ಕು ಅಂತಸ್ತಿನ ಕಟ್ಟಡ ಬೆಳಗಿನ ಹೊತ್ತಿನಲ್ಲಿ ಕುಸಿಯಿತು. 17 ಜನ ಸತ್ತರು. ಅದೂ ನಮ್ಮದರಂತೆಯೇ ಸಹಕಾರಿ ಗೃಹನಿರ್ಮಾಣ ಸಂಘದ ಕಟ್ಟಡ. ನೆಲ ಅಂತಸ್ತಿನಲ್ಲಿದ್ದ ಶುಶ್ರೂಷಾಲಯದ ನವೀಕರಣದಲ್ಲಿ ಕಂಬಗಳಿಗೆ ಕೈ ಹಚ್ಚಲಾಯಿತೆಂಬುದು ಪೊಲೀಸರ ಆರೋಪ. ಅದಕ್ಕೆ ಮೊದಲು, 2013ರ ಸೆಪ್ಟೆಂಬರ್ 27ರಂದು ಡಾಕ್‌ಯಾರ್ಡ್ ರೋಡಿನಲ್ಲಿ ಮಹಾನಗರಪಾಲಿಕೆಯದೇ ಆದ ಕಟ್ಟಡ ಬಿದ್ದು 61 ಜನ ಸತ್ತರು. ಅಲ್ಲಿಯೂ ನೆಲ ಅಂತಸ್ತಿನ ಗೋದಾಮಿನಲ್ಲಿ ಅನುಮತಿಯಿಲ್ಲದೆ ಮಾಡಿದ ಬದಲಾವಣೆಗಳ ಆರೋಪ ಬಂದಿತು. ಯಾರು ಎಷ್ಟರಮಟ್ಟಿಗೆ ತಪ್ಪಿತಸ್ಥರೆಂಬುದನ್ನು ನಿರ್ಣಯಿಸುವುದು ನ್ಯಾಯಾಲಯದ ಕೆಲಸ, ನನ್ನದಲ್ಲ. ಆದರೆ ಘಾಟ್‌ಕೋಪರದಲ್ಲಿ ಮೇಲಿನ ಅಂತಸ್ತುಗಳಲ್ಲಿ ಇದ್ದವರು ಯಾವ ಕಂಬವನ್ನೂ ಮುಟ್ಟಿರಲಿಲ್ಲ. 'ನನ್ನ ಮನೆ, ನನ್ನ ಹಣ' ಎಂಬ ವಾಕ್ಯದಲ್ಲಿ ಅವರಿಗೆ ಯಾವ ಜಾಗವಿದೆ?

ಇಲ್ಲಿ ಒಂದು ಆಕ್ಷೇಪ ಬರುವುದು ಸಹಜ, ಮತ್ತು ಅದು ಹಗುರವಾದ ಆಕ್ಷೇಪವಲ್ಲ. "ನೀವು ಹೇಳುವುದೆಲ್ಲ ಸರಿ. ಆದರೆ ಸಮಿತಿಗಳು ಸುಶೀಲವಾಗಿವೆಯೇ? ಪ್ರಾಮಾಣಿಕವಾಗಿ ನಕ್ಷೆ ಕೊಟ್ಟವನ ಅರ್ಜಿ ಮೂರು ತಿಂಗಳು ಕೊಳೆಯುತ್ತದೆ. ಸುಳ್ಳು ಬರೆದವನಿಗೆ ಅಂದೇ ಸಹಿ. ಇಂತಹವರ ಮುಂದೆ ಸತ್ಯ ಹೇಳುವುದು ಮೂರ್ಖತನವಲ್ಲವೇ?" ಎಂದು ನನ್ನ ಅಳಿಯನೇ ಕೇಳಿದನು.

ಒಪ್ಪುತ್ತೇನೆ. ಸಮಿತಿಗಳ ವಿಷಯದಲ್ಲಿ ನನಗೆ ಭ್ರಮೆಯಿಲ್ಲ. ಕಾರ್ಯದರ್ಶಿಯ ಸ್ನೇಹಿತನಿಗೆ ಒಂದು ನಿಯಮ, ಜಗಳಗಂಟನಿಗೆ ಒಂದು, ಬಾಡಿಗೆದಾರನಿಗೆ ಮತ್ತೊಂದು. ಠೇವಣಿಯೆಂದು ಪಡೆದ ಹಣ ಕೆಲಸ ಮುಗಿದು ವರ್ಷವಾದರೂ ಹಿಂದಿರುಗುವುದಿಲ್ಲ. 'ಅಭಿವೃದ್ಧಿ ನಿಧಿ', 'ಅನಾನುಕೂಲತೆಯ ಶುಲ್ಕ' ಮುಂತಾದ ಹೆಸರಿನಲ್ಲಿ ರಸೀದಿಗೆ ಒಂದು ಮೊತ್ತ, ಕೈಗೆ ಒಂದು ಮೊತ್ತ. ಮನೆ ಮಾರುವಾಗ ಸಂಘಗಳು ಇದೇ ರೀತಿ ಕೇಳಲಾರಂಭಿಸಿದ್ದರಿಂದಲೇ ಮಹಾರಾಷ್ಟ್ರ ಸರಕಾರವು 2001ರ ಸುತ್ತೋಲೆಯಲ್ಲಿ ನಗರಪಾಲಿಕೆಯ ಪ್ರದೇಶಗಳಲ್ಲಿ ವರ್ಗಾವಣೆಯ ಪ್ರೀಮಿಯಮ್ಮಿಗೆ 25,000 ರೂಪಾಯಿಯ ಮಿತಿ ಹಾಕಬೇಕಾಯಿತು. ಒಪ್ಪಿಗೆಯನ್ನು ಮಾರುವ ಸಮಿತಿಯು ಸುಳ್ಳು ಅರ್ಜಿ ಬರೆಯುವ ಸದಸ್ಯನಿಗಿಂತ ಯಾವ ರೀತಿಯಲ್ಲಿಯೂ ಮೇಲಲ್ಲ; ಇಬ್ಬರೂ ಕೂಡಿ ಕೆಳಗಿನ ಮನೆಯವನ ಮಾಳಿಗೆಯನ್ನು ಮಾರಾಟಕ್ಕಿಟ್ಟವರು. 2011ರಲ್ಲಿ ನನ್ನ ಮನೆಯಲ್ಲಿ ಚಹಾ ಕುಡಿದ ಆ ಸಹಿಯ ಪಾಪವು ನನ್ನ ಪಾಪದಷ್ಟೇ ತೂಕದ್ದು.

ಆದರೆ ಇದರಿಂದ ಹೊರಡುವ ತೀರ್ಮಾನ 'ಕೇಳದೆ ಒಡೆ' ಎಂಬುದಲ್ಲ. ತೂಕದ ಇಲಾಖೆಯ ಇನ್ಸ್‌ಪೆಕ್ಟರು ಲಂಚಕೋರನಾಗಿದ್ದಾನೆಂದು ನಾವು ಸುಳ್ಳು ತಕ್ಕಡಿ ಇಟ್ಟುಕೊಳ್ಳಲು ಅನುಮತಿ ಸಿಗುವುದಿಲ್ಲ. ಸಮಿತಿ ಕೆಟ್ಟಿದ್ದರೆ ಸಮಿತಿಯನ್ನು ತಿದ್ದಬೇಕು. ಅದರ ಉಪಾಯ ಕಠಿಣವೇನಲ್ಲ: ನಿಯಮಗಳನ್ನು ಒಂದು ಕಾಗದದಲ್ಲಿ ಬರೆದು ಸರ್ವಸದಸ್ಯರ ಸಭೆಯಲ್ಲಿ ಮಂಜೂರು ಮಾಡಿ ಫಲಕದ ಮೇಲೆ ಅಂಟಿಸಬೇಕು. ಏನೇನು ದಾಖಲೆ ಬೇಕು, ಠೇವಣಿ ಎಷ್ಟು, ಎಷ್ಟು ದಿನದೊಳಗೆ ಲಿಖಿತ ಉತ್ತರ ಬರಬೇಕು, ತಿರಸ್ಕರಿಸಿದರೆ ಕಾರಣವನ್ನು ಬರೆಯಬೇಕು, ಠೇವಣಿ ಯಾವಾಗ ಹಿಂದಿರುಗುತ್ತದೆ. ಸಭೆಗೆ ಹೋಗದೆ ಮನೆಯಲ್ಲಿ ಟಿ.ವಿ. ನೋಡಿ, ಅನಂತರ ಸಮಿತಿಯನ್ನು ಬೈಯುವವರಿಗೆ ಬೈಯುವ ಹಕ್ಕು ಎಲ್ಲಿಂದ ಬಂದಿತು?

ಇಂತಹ ತೊಡಕು ನಮ್ಮ ದೇಶದಲ್ಲಿ ಮಾತ್ರ ಎಂಬ ಮಾತೂ ಕೇಳಿಬರುತ್ತದೆ. ನ್ಯೂಯಾರ್ಕಿನಲ್ಲಿ ಸಹಕಾರಿ ವಸತಿ ಕಟ್ಟಡಗಳು ಬಹಳ. ಅಲ್ಲಿಯೂ ನಿವಾಸಿಯು ಕಟ್ಟಡದ ಸಂಸ್ಥೆಯಲ್ಲಿ ಷೇರುದಾರನೇ. ಅಡುಗೆಮನೆಯನ್ನೋ ಬಚ್ಚಲನ್ನೋ ಬದಲಾಯಿಸಬೇಕಾದರೆ ಆಡಳಿತ ಮಂಡಳಿಯೊಡನೆ ದೀರ್ಘವಾದ ಕರಾರು ಪತ್ರಕ್ಕೆ ಸಹಿ ಮಾಡಬೇಕು, ನಕ್ಷೆಯನ್ನು ಪರಿಶೀಲಿಸುವ ಕಟ್ಟಡದ ವಾಸ್ತುಶಿಲ್ಪಿಯ ಶುಲ್ಕವನ್ನು ಅರ್ಜಿದಾರನೇ ಕೊಡಬೇಕು, ಗುತ್ತಿಗೆದಾರನ ವಿಮಾಪತ್ರ ಬೇಕು, ಠೇವಣಿ ಬೇಕು. ಅಲ್ಲಿನ ಅನೇಕ ಕಟ್ಟಡಗಳಲ್ಲಿ ಒಂದು ನಿಯಮವಿದೆ: ಕೆಳಗಿನ ಮನೆಯ ಒಣ ಕೋಣೆಯ ಮೇಲೆ ಮೇಲಿನ ಮನೆಯ ನೀರಿನ ಕೋಣೆ ಬರಕೂಡದು. ನಾನು 2011ರಲ್ಲಿ ಮಾಡಿದ್ದು ಇದನ್ನೇ. ಈ ಒಂದು ಸಾಲು ಅಂದು ನಮ್ಮ ಫಲಕದ ಮೇಲೆ ಇದ್ದಿದ್ದರೆ, ಅದನ್ನು ಓದುವ ವಿವೇಕ ನನಗೆ ಇದ್ದಿದ್ದರೆ, ಆ ಶಿಕ್ಷಕರ ಪುಸ್ತಕಗಳು ನೆನೆಯುತ್ತಿರಲಿಲ್ಲ. ಅಲ್ಲಿನವರೂ ಮಂಡಳಿಯನ್ನು ಬೈಯುತ್ತಾರೆಂಬುದು ಬೇರೆ ಮಾತು.

ಈ ಪತ್ರಿಕೆಯ ಓದುಗರಿಗೆ ಅಣುವ್ರತಗಳ ಅತಿಚಾರಗಳನ್ನು ನಾನು ಪಾಠ ಹೇಳಬೇಕಾಗಿಲ್ಲ. ಆದರೆ ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಬರುವ ಹೆಸರುಗಳನ್ನು ಸೊಸೈಟಿಯ ಕಡತದ ಪಕ್ಕದಲ್ಲಿಟ್ಟು ಓದುವ ಅಭ್ಯಾಸ ನಮಗಿಲ್ಲ. ಸತ್ಯವ್ರತದ ಅತಿಚಾರಗಳಲ್ಲಿ ಕೂಟಲೇಖಕ್ರಿಯೆ ಒಂದು. 'ಬಣ್ಣ ಮತ್ತು ಫರಸಿ ದುರಸ್ತಿ' ಎಂಬ ನನ್ನ ಅರ್ಜಿಗೆ ಇದಕ್ಕಿಂತ ನಿಖರವಾದ ಹೆಸರು ಯಾವ ಕಾನೂನು ಪುಸ್ತಕದಲ್ಲಿಯೂ ಸಿಗದು. ಅಚೌರ್ಯದ ಅತಿಚಾರಗಳಲ್ಲಿ ವಿರುದ್ಧರಾಜ್ಯಾತಿಕ್ರಮವಿದೆ. ಅನರ್ಥದಂಡದ ಅತಿಚಾರಗಳಲ್ಲಿ, ಯೋಚಿಸದೆ ಕೆಲಸಕ್ಕೆ ಕೈಹಾಕುವ ಅಸಮೀಕ್ಷ್ಯಾಧಿಕರಣವಿದೆ. ಪರಿಗ್ರಹ ಪರಿಮಾಣದ ಅತಿಚಾರಗಳ ಪಟ್ಟಿ ಆರಂಭವಾಗುವುದೇ ಕ್ಷೇತ್ರ ಮತ್ತು ವಾಸ್ತುವಿನಿಂದ, ಅಂದರೆ ಹೊಲ ಮತ್ತು ಮನೆಯಿಂದ. ಬಜೆಟ್ ಎಂಬ ಇಂಗ್ಲಿಷ್ ಮಾತು ಬರುವ ಬಹು ಶತಮಾನಗಳ ಹಿಂದೆ, ಮನೆಗೆ ಮಿತಿಯನ್ನು ಮೊದಲು ಗೊತ್ತುಮಾಡು, ಅನಂತರ ಆ ಮಿತಿಯನ್ನು ದಾಟಬೇಡ ಎಂದು ಗೃಹಸ್ಥನಿಗೆ ವಿಧಿಸಿದ್ದರು. ನಾವು ಮಿತಿಯನ್ನು ಗೊತ್ತುಮಾಡುವುದು ಮುಂಗಡ ಕೊಟ್ಟ ಮೇಲೆ.

ಹಾಗಾದರೆ ಲೆಕ್ಕವನ್ನು ಹೇಗೆ ಬರೆಯಬೇಕೆಂದು ಕೇಳುವವರಿಗೆ ನನ್ನ ಅನುಭವದ ಮಟ್ಟಿಗೆ ಹೇಳುವೆನು. ಮೊದಲ ಖರ್ಚು ರಚನಾ ಇಂಜಿನಿಯರರದು. ಕಟ್ಟಡದ ಮೂಲ ನಕ್ಷೆಯನ್ನು ಸಂಘದಿಂದ ಪಡೆದು ಅವರ ಕೈಗೆ ಕೊಡಬೇಕು. ಕಟ್ಟಡ ಹಳೆಯದಾಗಿದ್ದರೆ ಅದರ ರಚನಾ ಪರೀಕ್ಷೆಯ ವರದಿಯನ್ನೂ ಕೇಳಿ ಪಡೆಯಬೇಕು. ಮಾದರಿ ಬೈಲಾಗಳ ಪ್ರಕಾರ 15ರಿಂದ 30 ವರ್ಷದ ಕಟ್ಟಡಕ್ಕೆ 5 ವರ್ಷಕ್ಕೊಮ್ಮೆ, 30 ದಾಟಿದ್ದಕ್ಕೆ 3 ವರ್ಷಕ್ಕೊಮ್ಮೆ ಈ ಪರೀಕ್ಷೆಯಾಗಬೇಕು. ಆಗಿಲ್ಲವೆಂದರೆ ನಿಮ್ಮ ಅಮೃತಶಿಲೆಗಿಂತ ಮೊದಲು ಸಭೆಯಲ್ಲಿ ಕೇಳಬೇಕಾದ ಪ್ರಶ್ನೆ ಅದು. ಬಣ್ಣ, ಫರಸಿ ಬದಲಾವಣೆಯಂತಹ ಸಾಮಾನ್ಯ ದುರಸ್ತಿಗೆ ಮಹಾನಗರಪಾಲಿಕೆಯ ಅನುಮತಿ ಬೇಡ. ರಚನೆಗೆ ಸಂಬಂಧಿಸಿದ ಬದಲಾವಣೆಗೆ ಬೇಕು, ಮತ್ತು ಸೊಸೈಟಿಯ ಸಹಿ ಅದಕ್ಕೆ ಬದಲಿಯಲ್ಲ. ಇದಾದ ಮೇಲೆ ಗುತ್ತಿಗೆದಾರನ ದರಪಟ್ಟಿ. ಅದರಲ್ಲಿ 18 ಪ್ರತಿಶತ ಜಿ.ಎಸ್.ಟಿ. ಸೇರಿದೆಯೇ ಎಂದು ಬರಹದಲ್ಲಿ ಕೇಳಿ. 'ಬಿಲ್ಲು ಬೇಡವೆಂದರೆ ಅದನ್ನು ಬಿಡುತ್ತೇನೆ' ಎಂಬುದು ಅವನ ಮೊದಲ ಆಮಿಷ. ಬಿಲ್ಲಿಲ್ಲದ ಕೆಲಸ ಸೋರಿದಾಗ ಅವನು ನಿಮ್ಮ ಪರಿಚಿತನೂ ಅಲ್ಲ. 2017ರಲ್ಲಿ ಬಂದ ನಿಯಮದಂತೆ 2 ಲಕ್ಷ ಅಥವಾ ಅದಕ್ಕಿಂತ ಹೆಚ್ಚು ನಗದನ್ನು ಒಬ್ಬನಿಂದ ಒಂದೇ ದಿನ ಅಥವಾ ಒಂದೇ ವ್ಯವಹಾರಕ್ಕಾಗಿ ಪಡೆಯಕೂಡದು ಎಂಬುದನ್ನೂ ಅವನಿಗೆ ನೆನಪಿಸಬೇಕಾಗುವುದು.

ಬಚ್ಚಲಿಗೆ ಜಲನಿರೋಧಕ ಲೇಪನವಾದ ಮೇಲೆ, ಫರಸಿ ಹಾಸುವ ಮೊದಲು, ಕನಿಷ್ಠ ಒಂದು ದಿನ ನೀರು ಕಟ್ಟಿ ನಿಲ್ಲಿಸಿ ಕೆಳಗಿನ ಮನೆಯವರನ್ನು ಕರೆದು ಅವರ ಮಾಳಿಗೆಯನ್ನು ಅವರೊಡನೆ ನೋಡಬೇಕು. ಇದಕ್ಕೆ ಖರ್ಚಿಲ್ಲ, ಒಂದು ದಿನ ಕೂಲಿ ನಿಲ್ಲುತ್ತದೆ, ಅಷ್ಟೆ. ಒಡೆದ ಕಸವನ್ನು ಗೋಣಿಚೀಲದಲ್ಲಿ ಕಟ್ಟಿ ಪಾಲಿಕೆಯ ವ್ಯವಸ್ಥೆಯ ಮೂಲಕ ಸಾಗಿಸುವ ಹಣವನ್ನು ಮೊದಲೇ ಬರೆಯಿರಿ, ರಾತ್ರಿ ನಾಲೆಯ ದಂಡೆಯಲ್ಲಿ ಸುರಿಸುವವನು ಅಗ್ಗವೆಂದು ಅವನಿಗೆ ಕೊಡಬೇಡಿ. ನೂರಕ್ಕೆ 15ರಷ್ಟು ಅನಿರೀಕ್ಷಿತ ವೆಚ್ಚಕ್ಕೆ ಮೀಸಲಿಡಿ. ಹಳೆಯ ಕಟ್ಟಡವಾದರೆ 20. ಇದೆಲ್ಲವನ್ನೂ ಕೂಡಿಸಿದಾಗ ಬರುವ ಮೊತ್ತ ನಿಮ್ಮ ಶಕ್ತಿಯನ್ನು ಮೀರಿದರೆ ಕಡಿಮೆ ಮಾಡಬೇಕಾದುದು ಅಮೃತಶಿಲೆಯನ್ನು, ಇಂಜಿನಿಯರರನ್ನಲ್ಲ. ಮಳೆಗಾಲದಲ್ಲಿ ಒಡೆಯುವ ಕೆಲಸವನ್ನು ಇಟ್ಟುಕೊಳ್ಳದಿರುವುದು ಲೇಸು. ಚಾತುರ್ಮಾಸದಲ್ಲಿ ಅನಗತ್ಯ ಆರಂಭಗಳನ್ನು ಬಿಡುವ ನಮ್ಮ ಹಿರಿಯರಿಗೆ ಜಲನಿರೋಧಕ ರಾಸಾಯನಿಕಗಳ ವಿಷಯ ಗೊತ್ತಿರಲಿಲ್ಲ, ಆದರೂ ಇಲ್ಲಿ ಇಬ್ಬರ ಪಂಚಾಂಗವೂ ಒಂದೇ.

ನಮ್ಮ ಅಡುಗೆಮನೆಯ ಕಟ್ಟೆ ಈಗ ಕುಸಿದಿದೆ. ಅದರ ಕೆಳಗಿನ ಕೊಳವೆ ತುಕ್ಕು ಹಿಡಿದಿದೆ. ಇದೇ ತಿಂಗಳು ನಾನು ಸಂಘಕ್ಕೆ ಅರ್ಜಿ ಸಲ್ಲಿಸಿದ್ದೇನೆ. ನಾಲ್ಕು ಪುಟ, ಇಂಜಿನಿಯರರ ಪತ್ರ, ನಕ್ಷೆ, ಖರ್ಚಿನ ಪಟ್ಟಿ, ಕೆಳಗಿನ ಮನೆಯವರ ಸಹಿ. ಆ ಶಿಕ್ಷಕರು ಈಗಿಲ್ಲ. ಅವರ ಸೊಸೆ ನಕ್ಷೆಯನ್ನು ಪೂರ್ತಿ ಓದಿ, ಕೊಳವೆ ಎಲ್ಲಿ ತಿರುಗುತ್ತದೆಂದು ಎರಡು ಸಲ ಕೇಳಿ, ಅನಂತರವೇ ಸಹಿ ಮಾಡಿದರು. ಕಾರ್ಯದರ್ಶಿಗಳು ಕಡತವನ್ನು ತೂಗಿನೋಡಿ, "ಇಷ್ಟೆಲ್ಲ ಯಾಕೆ ಕಾಕಾ? ಬಣ್ಣ ಮತ್ತು ಫರಸಿ ಎಂದು ಬರೆದುಕೊಡಿ, ನಾಳೆಯೇ ಕೊಡುತ್ತೇನೆ" ಎಂದರು. ನಾನು ಸ್ವೀಕೃತಿಯ ಮುದ್ರೆಯನ್ನು ಹಾಕಿಸಿಕೊಂಡು ಬಂದೆನು. ಇಂದಿಗೆ 19 ದಿನಗಳಾದವು. ಉತ್ತರ ಬಂದಿಲ್ಲ, ಗುತ್ತಿಗೆದಾರನಿಗೆ ನಾನು ಮುಂಗಡವನ್ನೂ ಕೊಟ್ಟಿಲ್ಲ.